ಕೊಂದೆ ಮರ ಸೊಂಪಾಗಿದೆ, ಹೂ ಮಾತ್ರ ಇಲ್ಲ. ಬೆಳೆಸಿದವರು ಹೇಳಿ

ಸುರತ್ಕಲ್‌ನಿಂದ ಪ್ರಶ್ನೆ: ಅಂಗಳದ ಮೂಲೆಯಲ್ಲಿ ಕೊಂದೆ ಇದೆ, ಘಟ್ಟದ ಮೇಲಿನವರು ಕಕ್ಕೆ ಅನ್ನುವ ಮರ. ನರ್ಸರಿಯಿಂದ ತಂದು ನೆಟ್ಟು ಐದಾರು ವರ್ಷ ಆಯ್ತು. ಬಚ್ಚಲ ನೀರು ಅದರ ಬುಡಕ್ಕೇ ಹೋಗುತ್ತದೆ, ಹಟ್ಟಿಗೊಬ್ಬರವನ್ನೂ ತಪ್ಪಿಸಿಲ್ಲ. ಮಾಡಿಗಿಂತ ಎತ್ತರ ಬೆಳೆದಿದೆ, ಒಂದು ಹೂ ಬಿಟ್ಟಿಲ್ಲ. ರಸ್ತೆ ಬದಿಯ ಮರಗಳು ಯಾರೂ ನೋಡದಿದ್ದರೂ ಬಿಸು ಹಬ್ಬದ ಹೊತ್ತಿಗೆ ಹಳದಿಯಾಗುತ್ತವೆ! ಮಳೆ ಶುರುವಾದ ಮೇಲೆ ಎಲೆಗೆ ಹಸಿರು ಹುಳ ಬೇರೆ. ಮನೆಯವರು ಕಡಿಸೋಣ ಅಂತಿದ್ದಾರೆ.

ಮಣಿಪಾಲ: ಕಡಿಸಬೇಡಿ ಮಾರಾಯ್ರೆ. ಬಚ್ಚಲ ನೀರನ್ನು ತೆಂಗಿನ ಬುಡಕ್ಕೆ ತಿರುಗಿಸಿ, ಗೊಬ್ಬರ ನಿಲ್ಲಿಸಿ. ಕೊಂದೆ ಎಲೆ ಉದುರಿಸುವ ಜಾತಿ. ಮಳೆ ಹೋದ ಮೇಲೆ ನೆಲ ಒಣಗಬೇಕು, ಬೇಸಿಗೆ ಏರುವಾಗ ಎಲೆ ಬೀಳಬೇಕು, ಆಮೇಲೆ ಏಪ್ರಿಲ್‌–ಮೇನಲ್ಲಿ ಹೂ. ವರ್ಷವಿಡೀ ನೀರು, ಸಗಣಿ ಸಿಕ್ಕಿದರೆ ಅದು ಎಲೆ ಬಿಡುತ್ತಾ ಆರಾಮಾಗಿ ಇರುತ್ತದೆ. ನಮ್ಮ ಗುಡ್ಡದಲ್ಲಿ ಮುರಕಲ್ಲಿನ ಸಂದಿಯಲ್ಲಿ ಬೇರು ಬಿಟ್ಟ ಮರಗಳೇ ಚೆನ್ನಾಗಿ ಹೂ ಬಿಡುವುದು.

ಎಲೆ ಉದುರಿದಾಗ ಗೆಲ್ಲನ್ನು ಹತ್ತಿರದಿಂದ ನೋಡಿ. ಎಲೆ ಬಿದ್ದ ಕಲೆಯ ಪಕ್ಕದಲ್ಲೇ ಹಸಿರು ಎಳೆಯೊಂದು ಇಣುಕುತ್ತದೆ, ಅದರ ತುಂಬ ಕೊತ್ತಂಬರಿ ಕಾಳಿನಷ್ಟು ಮೊಗ್ಗುಗಳು. ಆ ಎಳೆ ಉದ್ದವಾಗಿ ಜೋತು ಬೀಳುತ್ತದೆ. ಗೆಲ್ಲಿನ ಹತ್ತಿರದ ಮೊಗ್ಗು ಮೊದಲು ಅರಳಿ, ತುದಿಯದ್ದು ಕೊನೆಗೆ. ಮರ ಬೋಳಾಗಿದೆ, ಪಾಪ ಒಣಗಿತು ಅಂತ ಆಗ ನೀರು ಹೊಯ್ಯಬೇಡಿ.

ಮತ್ತೆ, ಬೀಜದ ಗಿಡ ಹೂ ಬಿಡಲು ಏಳೆಂಟು ವರ್ಷ ತೆಗೆದುಕೊಂಡರೂ ಆಶ್ಚರ್ಯ ಇಲ್ಲ.

ಬ್ರಹ್ಮಾವರ: ಬಿಸಿಲು ಹೇಗಿದೆ ಅಂತ ಯಾರೂ ಕೇಳಲಿಲ್ಲ ಅಲ್ವಾ? ನಮ್ಮದು ಮಾವಿನ ಮರದ ನೆರಳಲ್ಲಿ ಸಿಕ್ಕಿಕೊಂಡಿತ್ತು. ಬಿಸಿಲು ತಾಗುವ ಒಂದು ಬದಿಗೆ ಮಾತ್ರ ಹೂ, ಇನ್ನೊಂದು ಬದಿ ಸುಮ್ನೆ ಹಸಿರು. ಮಾವಿನ ಗೆಲ್ಲು ಇಳಿಸಿದ ಮೇಲೆ ಸರಿಯಾಯ್ತು.

ಸುರತ್ಕಲ್: ಬಿಸಿಲು ಧಾರಾಳ ಇದೆ. ನೀರು ಈ ವಾರವೇ ತಿರುಗಿಸುತ್ತೇವೆ. ಆದರೆ ಒಂದು ದಪ್ಪ ಗೆಲ್ಲು ಕರೆಂಟಿನ ಲೈನ್ ಕಡೆ ಹೋಗುತ್ತಿದೆ. ಈಗಲೇ ಕಡಿಯಬಹುದಾ? ಹುಳಕ್ಕೆ ಏನು ಹೊಡೆಯಲಿ?

ಕದ್ರಿ: ಹುಳಕ್ಕೆ ಏನೂ ಹೊಡೆಯಬೇಡಿ ಅಕ್ಕಾ. ಮೈ ಹಸಿರು, ಪಕ್ಕದಲ್ಲಿ ಬಿಳಿ ಗೆರೆ, ಅದರ ಗುಂಟ ಚಿಕ್ಕ ಕಪ್ಪು ಚುಕ್ಕೆ ಇದ್ದರೆ ಅದು ಕಾಮನ್ ಎಮಿಗ್ರಂಟ್ ಚಿಟ್ಟೆಯ ಮರಿ. ಎಳೆ ಎಲೆ ನುಣ್ಣಗೆ ತಿಂದು ಹೋಗುತ್ತದೆ, ಮರ ಮತ್ತೆ ಚಿಗುರುತ್ತದೆ. ಅಷ್ಟು ದೊಡ್ಡ ಮರಕ್ಕೆ ಅದೊಂದು ಲೆಕ್ಕವೇ ಅಲ್ಲ. ಪಿಕಳಾರ ಹಕ್ಕಿಗಳು ಬಂದು ಅರ್ಧ ಹುಳ ಖಾಲಿ ಮಾಡುತ್ತವೆ. ತೀರಾ ಪುಟ್ಟ ಗಿಡವಾದರೆ ಕೈಯಲ್ಲಿ ಹೆಕ್ಕಿ ಸಾಕು.

ಕಾರ್ಕಳ, ಅಡಿಕೆ ತೋಟದವರು: ಗೆಲ್ಲು ಲೈನಿಗೆ ತಾಗುತ್ತಿದ್ದರೆ ನೀವು ಕತ್ತಿ ಹಿಡಿಯಬೇಡಿ. ಲೈನ್‌ಮ್ಯಾನ್‌ಗೆ ಹೇಳಿ ಕರೆಂಟ್ ತೆಗೆಸಿಯೇ ಕಡಿಸಿ. ತಾಗದಿದ್ದರೆ ಮಳೆ ಮುಗಿಯುವ ತನಕ ತಡೆಯಿರಿ. ನಮ್ಮ ಜಡಿಮಳೆಗೆ ದಪ್ಪ ಗೆಲ್ಲಿನ ಗಾಯ ಒಣಗುವುದೇ ಇಲ್ಲ, ಒಳಗಿಂದ ಕೊಳೆಯುತ್ತಾ ಬರುತ್ತದೆ.

ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಒಂದು ಮರಕ್ಕೆ 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ ಬೇಕಾದಷ್ಟಾಯ್ತು. ಎರಡನ್ನೂ ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಆಮೇಲೆ ಸೇರಿಸಿ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು, ಕಬ್ಬಿಣದ್ದು ಬೇಡ. ಉಜ್ಜಿ ಹೊಳಪು ಮಾಡಿದ ಕತ್ತಿಯ ತುದಿಯನ್ನು ಅದ್ದಿ ನೋಡಿ. ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ, ಇನ್ನೂ ಸ್ವಲ್ಪ ಹಾಕಿ.

ಮಣಿಪಾಲ: ಮಳೆ ಮುಗಿದ ಮೇಲೆ ಕಡಿದರೆ ಆ ಗೆಲ್ಲಿನ ಬರುವ ವರ್ಷದ ಹೂ ಹೋಯ್ತಲ್ಲ? ನಾನು ಕೈ ಹಾಕುವುದು ಹೂ ಉದುರಿದ ಕೂಡಲೇ, ಮಳೆಗೆ ಮೊದಲು.

ಕಾರ್ಕಳ: ಸಣ್ಣ ಗೆಲ್ಲಿಗೆ ನಿಮ್ಮ ಕ್ರಮವೇ ಒಳ್ಳೆಯದು. ದಪ್ಪದ್ದಕ್ಕೆ ಆಗುವುದಿಲ್ಲ. ಮೇ ಕೊನೆಗೆ ಕಡಿದರೆ ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ, ಗಾಯ ಆರಲು ಪುರುಸೊತ್ತೆಲ್ಲಿ? ಒಂದು ಗೆಲ್ಲಿನ ಹೂ ಹೋದರೆ ಹೋಗಲಿ, ಮರ ಉಳಿಯುತ್ತದಲ್ಲ. ಅದೂ ಇವರ ಮರ ಇನ್ನೂ ಹೂವೇ ಬಿಟ್ಟಿಲ್ಲ.

ಕಾಪು: ಹೊಸ ಗಿಡ ಎಬ್ಬಿಸುವವರಿಗೆ ಒಂದು ಮಾತು. ಕೋಡು ಕಪ್ಪಾಗಿ ಒಣಗಿದ ಮೇಲೆ ಒಡೆಯಿರಿ. ಬೀಜದ ಸಿಪ್ಪೆ ಭಾರೀ ಗಟ್ಟಿ, ಹಾಗೇ ಹಾಕಿದರೆ ಮೊಳಕೆ ಕಾಯುತ್ತಾ ಕೂರಬೇಕು. ಮುರಕಲ್ಲಿಗೆ ಒಂದು ಬದಿ ಉಜ್ಜಿ, ರಾತ್ರಿ ನೀರಲ್ಲಿ ನೆನೆಸಿ. ಬೆಳಿಗ್ಗೆ ಉಬ್ಬಿದ್ದನ್ನು ಮಾತ್ರ ಹಾಕಿ, ಉಳಿದದ್ದನ್ನು ಇನ್ನೊಮ್ಮೆ ಉಜ್ಜಿ. ಕೋಡಿನೊಳಗಿನ ಅಂಟು ತಿರುಳು ಸಿಹಿ ಅಂತ ಮಕ್ಕಳು ನೆಕ್ಕುತ್ತಾರೆ, ಜಾಸ್ತಿ ಹೋದರೆ ಭೇದಿ ಗ್ಯಾರಂಟಿ.