ಅಪ್ಪನೂ ಒಳಗೊಳಗೆ ಹೀಗೇನಾ ಅಂತ ಮಗ ಕೇಳಿದ

ಪೋಸ್ಟ್ ಹಾಕಿದವರು: ಊರು ಬಿಟ್ಟು ಹೊರದೇಶದಲ್ಲಿರುವ ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮನೆಯವರು ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಯ ‘ನೊಸ್ಟಾಲ್ಜಿಯಾ’ ಹಾಕಿಕೊಂಡು ಕೂತಿದ್ದರು. 1983ರ ಸಿನಿಮಾ. ಇಟಲಿಗೆ ಬಂದ ರಷ್ಯಾದ ಕವಿಯೊಬ್ಬ ಊರಿನ ನೆನಪಲ್ಲೇ ಸವೆದುಹೋಗುವ ಕಥೆ. ಎರಡು ಗಂಟೆ, ಮಾತು ಕಮ್ಮಿ. ಹದಿಮೂರರ ಮಗ ಎದ್ದು ಹೋಗುತ್ತಾನೆ ಅಂದುಕೊಂಡರೆ ಕೊನೆವರೆಗೂ ಕೂತ. ಆಮೇಲೆ ‘ಅಪ್ಪ, ನೀನೂ ಒಳಗೊಳಗೆ ಹೀಗೇನಾ?’ ಅಂದ. ಇವರು ಸುಮ್ನೆ ನಕ್ಕರು. ರೋಮ್‌ನಲ್ಲಿ ಒಬ್ಬ ಮೈಗೆ ಬೆಂಕಿ ಹಚ್ಚಿಕೊಳ್ಳುವ ದೃಶ್ಯ ಬೇರೆ ಇದೆ. ಅವತ್ತಿಂದ ಹುಡುಗ ಸರಿಯಾಗಿ ಮಲಗುತ್ತಿಲ್ಲ. ಹೇಗೆ ಮಾತಾಡಿಸಲಿ?

ಟೀಚರ್ ಅಕ್ಕ: ಮೊದಲು ಬೆಂಕಿಯ ವಿಷಯ ತೆಗೆಯಿರಿ, ಹಗಲು ಹೊತ್ತಲ್ಲಿ. ಕಣ್ಣ ಮುಂದೆ ಏನು ಬರುತ್ತದೆ ಅಂತ ಅವನೇ ಹೇಳಲಿ. ಹೀಗೇ ಮುಂದುವರಿದರೆ ಡಾಕ್ಟರ್‌ಗೆ ತೋರಿಸಿ. ಆ ಇನ್ನೊಂದು ಪ್ರಶ್ನೆಗೆ ನೀವು ಉತ್ತರ ಕೊಡಬೇಡಿ, ಅವರಪ್ಪನೇ ಕೊಡಲಿ. ‘ಹೌದು ಮಗ, ಒಂದೊಂದು ಸಲ’ ಅಂದರೂ ಸಾಕು.

ಸಿನಿಮಾ ಹುಚ್ಚಿನವ: ಆ ಸಿನಿಮಾದಲ್ಲಿ ಇಟಲಿಯ ಬಾನ್ಯೋ ವಿನ್ಯೋನಿ ಊರಿನ ಬತ್ತಿದ ಕೊಳ ನೆನಪಿದೆಯಾ? ಕವಿ ಮೇಣದಬತ್ತಿ ಆರದ ಹಾಗೆ ಈ ದಡದಿಂದ ಆ ದಡಕ್ಕೆ ದಾಟಬೇಕು. ಕೋಟು ಮರೆ ಹಿಡಿದರೂ ಎರಡು ಸಲ ಆರುತ್ತದೆ, ಮತ್ತೆ ಮೊದಲಿಂದ. ಒಂದೇ ಶಾಟ್, ಸುಮಾರು 9 ನಿಮಿಷ. ಅದನ್ನು ನೋಡಿದ ಹುಡುಗ ಅಂದರೆ ಹೆಮ್ಮೆ ಪಡಿ! ನನ್ನ ಮಗಳು ಟೈಟಲ್ ಮುಗಿಯುವ ಮೊದಲೇ ಫೋನ್ ತೆಗೆದಳು.

ಹಿರಿಯ ಸದಸ್ಯರು: ಖಾರವಾಗಿಯೇ ಹೇಳುತ್ತೇನೆ. ನಮ್ಮ ಕೊರಗನ್ನು ಮಕ್ಕಳ ತಲೆಗೆ ಕಟ್ಟಬಾರದು. ಬಂದವರು ನಾವು, ಅವರಿಗೆ ಇದೇ ಊರು. ಅದೇ ಸಿನಿಮಾದಲ್ಲಿ ಕವಿ ಯಾರ ಬದುಕಿನ ಬಗ್ಗೆ ತಿಳಿಯಲು ಇಟಲಿಗೆ ಬಂದನೋ ಆ ಹಳೇ ಕಾಲದ ರಷ್ಯಾದ ಸಂಗೀತಗಾರ ಸೊಸ್ನೋವ್‌ಸ್ಕಿ ಏನಾದ? ಜೀತ ಅಂತ ಗೊತ್ತಿದ್ದೂ ರಷ್ಯಾಗೆ ವಾಪಸ್ ಹೋದ, ಜೀವ ಕಳೆದುಕೊಂಡ. ಈ ಗುಂಪಲ್ಲಿ ಅರ್ಧ ಜನ ‘ಮುಂದಿನ ವರ್ಷ ವಾಪಸ್’ ಅನ್ನುತ್ತಲೇ ಮಕ್ಕಳನ್ನು ಬಾಗಿಲಲ್ಲೇ ನಿಲ್ಲಿಸಿದ್ದಾರೆ.

ಇನ್ನೊಬ್ಬರು: ಸರ್, ನಮಗೆ ಟಿಕೆಟ್ ತೆಗೆದರೆ ಸಾಕು. ತಾರ್ಕೋವ್‌ಸ್ಕಿ ವಾಪಸ್ ಹೋಗುವುದಿಲ್ಲ ಅಂತ 1984ರಲ್ಲಿ ಮಿಲಾನ್‌ನಲ್ಲಿ ಹೇಳಿದರು. ಮಗ ಸೋವಿಯತ್ ನಾಡಲ್ಲೇ ಸಿಕ್ಕಿಕೊಂಡಿದ್ದ. ಅಪ್ಪನಿಗೆ ಕ್ಯಾನ್ಸರ್ ಅಂತಾದ ಮೇಲೆ, 1986ರಲ್ಲಿ, ಹುಡುಗನನ್ನು ಬಿಟ್ಟರು. ಅದೇ ಡಿಸೆಂಬರ್‌ನಲ್ಲಿ ಅಪ್ಪ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಅದರ ಮುಂದೆ ನಮ್ಮದು ಏನೂ ಅಲ್ಲ, ಒಪ್ಪಿದೆ. ಹಾಗಂತ ಮಕ್ಕಳೆದುರು ಕಲ್ಲಿನ ಹಾಗೆ ಇರಬೇಕಾ?

ಮತ್ತೊಬ್ಬರು: ಆ ಸಿನಿಮಾವನ್ನು ಅವರು ತಾಯಿಯ ನೆನಪಿಗೆ ಅರ್ಪಿಸಿದ್ದಾರೆ. ನಮ್ಮಮ್ಮ ಹೋದಾಗ ನಾನು ವಿಡಿಯೋ ಕಾಲ್‌ನಲ್ಲಿದ್ದೆ. ಹೆಚ್ಚು ಬರೆಯಲಾರೆ.

ಹಿರಿಯ ಸದಸ್ಯರು: ಇದನ್ನೇ ನಾನು ಹೇಳಿದ್ದು, ಎಲ್ಲರೂ ಅಳೋಕೆ ಶುರು. ಹುಡುಗನನ್ನು ಆಟಕ್ಕೆ ಸೇರಿಸಿ, ಇಂಥ ಸಿನಿಮಾ 18 ಆದಮೇಲೆ.

ಟೀಚರ್ ಅಕ್ಕ: ಕೇಳಿದ್ದು ನಿದ್ದೆ ಬಗ್ಗೆ ಅಲ್ವಾ? ನಿಮ್ಮ ಮಕ್ಕಳು ನಿಮ್ಮ ಹತ್ತಿರ ಇಂಥ ಪ್ರಶ್ನೆ ಕೇಳುತ್ತಾರಾ ಸರ್?

ಹಿರಿಯ ಸದಸ್ಯರು: ವೈಯಕ್ತಿಕ ಮಾತು ಬೇಡ.