ಡಿಫರೆನ್ಷಿಯಲ್ ಬ್ರಾಕೆಟ್‌ನ ಬುಡದಲ್ಲಿ ಬಿರುಕು: ದಪ್ಪ ಪ್ಲೇಟು ಬೆಸೆದರೆ ಸಾಕೇ?

ಪ್ರಶ್ನೆ: ಶೆಡ್ಡಿನವ, ಕೊವೆಂಟ್ರಿ

ಎಲ್ಲರಿಗೂ ನಮಸ್ಕಾರ. ಇಲ್ಲಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ, ರಜಾದಿನಗಳಲ್ಲಿ ಕುಳಿತು, ಲೋಟಸ್ ಸೆವೆನ್ ಮಾದರಿಯ ಎರಡು ಸೀಟಿನ ಕಾರೊಂದನ್ನು ನಾನೇ ಕಟ್ಟಿದ್ದೇನೆ. ಚಾಸಿಸ್ 25 ಮಿ.ಮೀ. ಚೌಕದ, 1.6 ಮಿ.ಮೀ. ಗೋಡೆಯ ಉಕ್ಕಿನ ಪೈಪುಗಳದು. ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ) ಮತ್ತು ಹಿಂದಿನ ಚಕ್ರದ ಶಾಫ್ಟುಗಳು ಹಳೆಯ ಫೋರ್ಡ್ ಸಿಯೆರಾದಿಂದ ಬಿಚ್ಚಿ ತಂದವು. ಎರಡು ಲೀಟರಿನ ಎಂಜಿನ್ ಸುಮಾರು 170 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಮನೆಯಲ್ಲಿ ಕಟ್ಟಿದ ಕಾರುಗಳಿಗೆ ಇಲ್ಲಿ ನಡೆಸುವ ಐವಿಎ ಪರೀಕ್ಷೆ ಮುಗಿಸಿ ನೋಂದಣಿಯಾದ ಮೇಲೆ ಮೂರು ಸಾವಿರ ಮೈಲಿಯಷ್ಟು ಓಡಿದೆ.

ಕಳೆದ ವಾರ ಎಣ್ಣೆ ಬದಲಿಸಲೆಂದು ಕಾರಿನಡಿ ಮಲಗಿದಾಗ, ಡಿಫರೆನ್ಷಿಯಲ್‌ನ ಮುಂಭಾಗವನ್ನು ಹಿಡಿದಿರುವ ಎರಡು ಬ್ರಾಕೆಟ್‌ಗಳ ಪೈಕಿ ಬಲಗಡೆಯದರ ಬೆಸುಗೆಯ ಅಂಚಿನಲ್ಲಿ, ಪೈಪಿನ ಗೋಡೆಯ ಮೇಲೆಯೇ, ಉಗುರಿನಷ್ಟು ಉದ್ದದ ಬಿರುಕು ಕಂಡಿತು. ಬ್ರಾಕೆಟ್ 3 ಮಿ.ಮೀ. ಪ್ಲೇಟಿನದು; ಅಡ್ಡಪೈಪಿನ ಮುಖದ ನಡುಭಾಗಕ್ಕೆ ಬೆಸೆದಿದ್ದೇನೆ. ಎಡಗಡೆಯದು ಚೆನ್ನಾಗಿಯೇ ಇದೆ. ಹಳೆಯ ಬ್ರಾಕೆಟ್ ಕತ್ತರಿಸಿ 6 ಮಿ.ಮೀ. ಪ್ಲೇಟಿನದನ್ನು ಬೆಸೆದು, 12 ಮಿ.ಮೀ. ಬೋಲ್ಟಿನ ಬದಲು 14 ಮಿ.ಮೀ. ಬೋಲ್ಟ್ ಹಾಕಿದರೆ ಸಾಕಾಗಬಹುದೇ? ಬಲಗಡೆಯದೇ ಏಕೆ ಮೊದಲು ಬಿಟ್ಟಿತು ಎಂಬುದೂ ನನಗೆ ತಿಳಿಯದಾಗಿದೆ.

ಉತ್ತರ: ಪೈಪುಲೆಕ್ಕ, ಲೆಸ್ಟರ್

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಮೊದಲನೆಯದಕ್ಕೆ ಉತ್ತರ ಅದರೊಳಗೇ ಇದೆ.

ಮೊದಲ ಗೇರಿನ ಅನುಪಾತ 3.65, ಕ್ರೌನ್-ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಗೇರುಜೋಡಿ) ಅನುಪಾತ 3.62 ಎಂದಿಟ್ಟುಕೊಂಡರೆ, 170 ನ್ಯೂಟನ್ ಮೀಟರ್ ಚಕ್ರಗಳನ್ನು ತಲುಪುವ ಹೊತ್ತಿಗೆ ಸುಮಾರು 2,250 ಆಗುತ್ತದೆ. ಆದರೆ ಇಷ್ಟು ಹಗುರವಾದ ಕಾರಿನ ಟೈರುಗಳು ಅಷ್ಟನ್ನು ರಸ್ತೆಗೆ ಇಳಿಸಲಾರವು. ಹೊರಡುವ ಕ್ಷಣದಲ್ಲಿ ಹಿಂದಿನ ಚಕ್ರಗಳ ಮೇಲೆ 400 ಕಿಲೋ ಭಾರ, ಘರ್ಷಣೆಯ ಗುಣಾಂಕ 1, ಚಕ್ರದ ತ್ರಿಜ್ಯ 0.29 ಮೀಟರ್ ಎಂದರೆ, 1,140 ನ್ಯೂಟನ್ ಮೀಟರಿಗೇ ಟೈರು ಜಾರುತ್ತದೆ. ಚಕ್ರಗಳನ್ನು ಮುಂದಕ್ಕೆ ತಿರುಗಿಸುವ ಈ ಬಲಕ್ಕೆ ಪ್ರತಿಯಾಗಿ ಡಿಫರೆನ್ಷಿಯಲ್‌ನ ಹೌಸಿಂಗ್ (ಹೊರಕವಚ) ಹಿಂದಕ್ಕೆ ತಿರುಗಲು, ಅಂದರೆ ಮೂತಿ ಮೇಲೆತ್ತಲು ನೋಡುತ್ತದೆ. ಅದನ್ನು ತಡೆಯುವುದು ನಿಮ್ಮ ಮುಂದಿನ ಎರಡು ಬ್ರಾಕೆಟ್ ಮತ್ತು ಹಿಂದಿನ ಒಂದು ಕಿವಿ, ಅಂದರೆ ಬೋಲ್ಟು ತೂರುವ ತೂತಿನ ಚಾಚು. ಅವುಗಳ ನಡುವಿನ ಅಂತರ 240 ಮಿ.ಮೀ. ಇದ್ದರೆ ಮುಂಭಾಗಕ್ಕೆ ಸುಮಾರು 4,740 ನ್ಯೂಟನ್, ತಲಾ ಒಂದು ಬ್ರಾಕೆಟ್ಟಿಗೆ 2,370 ನ್ಯೂಟನ್ ಬರುತ್ತದೆ.

ಇದರ ಜೊತೆಗೆ ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ತಾನು ತಿರುಗುವ ದಿಕ್ಕಿಗೆ ಹೌಸಿಂಗನ್ನೂ ಹೊರಳಿಸುತ್ತದೆ. ಹಿಂದಿನಿಂದ ನೋಡಿದರೆ ಶಾಫ್ಟ್ ಗಡಿಯಾರಕ್ಕೆ ಎದುರಾಗಿ ತಿರುಗುವುದರಿಂದ ಎಡಬದಿ ಕೆಳಗೆ ಒತ್ತುತ್ತದೆ, ಬಲಬದಿ ಮೇಲೇಳುತ್ತದೆ. 1,140ನ್ನು 3.62ರಿಂದ ಭಾಗಿಸಿದರೆ ಸುಮಾರು 314 ನ್ಯೂಟನ್ ಮೀಟರ್; ಬ್ರಾಕೆಟ್‌ಗಳ ನಡುವೆ 200 ಮಿ.ಮೀ. ಇದ್ದರೆ ಒಂದೊಂದಕ್ಕೂ 1,570 ನ್ಯೂಟನ್. ಇದು ಬಲಗಡೆ ಕೂಡುತ್ತದೆ, ಎಡಗಡೆ ಕಳೆಯುತ್ತದೆ: ಬಲಕ್ಕೆ 3,940, ಎಡಕ್ಕೆ 800. ಐದು ಪಟ್ಟು ವ್ಯತ್ಯಾಸ. ನಿಮ್ಮ ಅಳತೆಗಳು ಬೇರೆಯಿದ್ದರೆ ಅಂಕಿಗಳು ಬದಲಾಗುತ್ತವೆಯೇ ಹೊರತು ಬಲಗಡೆಯ ಪಾಡು ಬದಲಾಗುವುದಿಲ್ಲ. ಕ್ಲಚ್ಚನ್ನು ಒಮ್ಮೆಲೇ ಬಿಟ್ಟಾಗ ಬೀಳುವ ಪೆಟ್ಟು ಈ ಲೆಕ್ಕವನ್ನು ಕ್ಷಣಕಾಲ ಮೀರುತ್ತದೆ ಎಂಬುದನ್ನೂ ಮರೆಯಬೇಡಿ.

ಈಗ ಬೋಲ್ಟಿನ ವಿಚಾರ. 8.8 ದರ್ಜೆಯ 12 ಮಿ.ಮೀ. ಬೋಲ್ಟು ಕತ್ತರಿಸಿಹೋಗಬೇಕಾದರೆ 40,000 ನ್ಯೂಟನ್ ಆಸುಪಾಸಿನ ಬಲ ಬೇಕು. ಅದನ್ನು ದಪ್ಪ ಮಾಡುವುದು ಹಣದ ದಂಡ. 3 ಮಿ.ಮೀ. ಪ್ಲೇಟೂ ದುರ್ಬಲವಲ್ಲ, ಏಕೆಂದರೆ ಬಿರುಕು ಬಂದಿರುವುದು ಅದರಲ್ಲಲ್ಲ. ಸೋತಿರುವುದು 1.6 ಮಿ.ಮೀ. ಗೋಡೆ. ಪೈಪಿನ ಮುಖದ ನಡುವೆ ಬೆಸೆದ ಬ್ರಾಕೆಟ್, ಡಬ್ಬದ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಂತೆ, ಆ ಗೋಡೆಯನ್ನು ಒಳಕ್ಕೂ ಹೊರಕ್ಕೂ ಬಗ್ಗಿಸುತ್ತಿರುತ್ತದೆ; ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ. ಅಲ್ಲಿಗೆ 6 ಮಿ.ಮೀ. ಪ್ಲೇಟು ಬೆಸೆದರೆ ಬಗ್ಗದ ಭಾಗ ಇನ್ನಷ್ಟು ಬಿಗಿಯಾಗಿ, ಬಗ್ಗುವುದೆಲ್ಲ ಬೆಸುಗೆಯ ಅಂಚಿನ ಒಂದೇ ಗೆರೆಗೆ ಬಂದು ಸೇರುತ್ತದೆ. ಮುಂದಿನ ಬಿರುಕು ಇನ್ನೂ ಬೇಗ ಬರುತ್ತದೆ.

ನಾನಾದರೆ ಹೀಗೆ ಮಾಡುತ್ತೇನೆ. 3 ಮಿ.ಮೀ. ಪ್ಲೇಟನ್ನು ಇಂಗ್ಲಿಷಿನ ‘ಯು’ ಅಕ್ಷರದಂತೆ ಬಗ್ಗಿಸಿ ಪೈಪಿನ ಮೂರು ಮುಖಗಳನ್ನು ಅಪ್ಪುವಂತೆ ಜೀನು ಹಾಕಿ, ಬಲವು ಮುಖದ ನಡುವಿನಿಂದಲ್ಲದೆ ಪಕ್ಕದ ಗೋಡೆಗಳ ಮೂಲಕ ಹಾಯುವಂತೆ ನೋಡಿಕೊಳ್ಳುತ್ತೇನೆ. ಬೋಲ್ಟನ್ನು ಒಂದೇ ಕಿವಿಯಲ್ಲಿ ತೂಗುಹಾಕದೆ ಎರಡು ಕಿವಿಗಳ ನಡುವೆ ಹಿಡಿಸುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಬ್ರಾಕೆಟ್‌ನ ಬಳಿಯಿಂದ ಹತ್ತಿರದ ಪೈಪುಸಂಧಿಗೆ ಓರೆಯಾಗಿ ಇನ್ನೊಂದು ಪೈಪು ಕೊಟ್ಟು ತ್ರಿಕೋನ ಮಾಡುತ್ತೇನೆ. ಪೈಪುಗಳ ಚಾಸಿಸ್ಸಿನಲ್ಲಿ ಭಾರ ಸಂಧಿಗಳಿಗೆ ಬೀಳಬೇಕು, ಪೈಪಿನ ನಡುವಿಗೆ ಬೀಳಬಾರದು.

ಉತ್ತರ: ಉದ್ಯಮಬಾಗ್, ಬೆಳಗಾವಿ

ಮೇಲಿನವರ ಲೆಕ್ಕಕ್ಕೆ ನಾನು ಸೇರಿಸುವುದು ಹೆಚ್ಚಿಲ್ಲ. ನಮ್ಮದು ಎರಕದ ಕೆಲಸವಾದ್ದರಿಂದ ಒಂದು ಮಾತು ಮಾತ್ರ ಹೇಳಬೇಕೆನಿಸಿತು. ಬ್ರಾಕೆಟ್ ಬಿಚ್ಚಿದಾಗ ಹೌಸಿಂಗಿನ ಕಿವಿಗಳನ್ನೂ ಡೈ ಪೆನೆಟ್ರೆಂಟ್ (ಸಣ್ಣ ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣ) ಹಚ್ಚಿ ನೋಡಿರಿ. ಅಲ್ಲಿ ಬಿರುಕಿದ್ದರೆ ದಯವಿಟ್ಟು ಮನೆಯ ಮಿಗ್ ಬೆಸುಗೆ ಯಂತ್ರದಿಂದ ಬೆಸೆಯಲು ಹೋಗಬೇಡಿ. ಎರಕದ ಕಬ್ಬಿಣವು ಬೆಸುಗೆಯ ಪಕ್ಕದಲ್ಲಿ ಗಾಜಿನಂತೆ ಪೆಡಸಾಗುತ್ತದೆ. ಅಂದು ಗಟ್ಟಿಯಾಗಿ ಕಂಡರೂ ಮೊದಲ ಪೆಟ್ಟಿಗೆ ಬಿಡುತ್ತದೆ. ಹೌಸಿಂಗನ್ನೇ ಬದಲಿಸುವುದು ಲೇಸು.

ಪೈಪಿನ ಬಿರುಕಿನ ಮೇಲೆ ಹಾಗೆಯೇ ಪ್ಲೇಟು ಮುಚ್ಚಬೇಡಿ. ಬಿರುಕಿನ ಎರಡೂ ತುದಿಗಳನ್ನು ಕಂಡುಹಿಡಿದು 3 ಮಿ.ಮೀ. ತೂತು ಹಾಕಿ, ಗ್ರೈಂಡರಿನಿಂದ ಕೊರೆದು, ಬೆಸುಗೆ ತುಂಬಿ, ಸಮತಟ್ಟು ಮಾಡಿ, ಆಮೇಲೆ ಜೀನು ಕೂರಿಸಿರಿ. ಡಿಫರೆನ್ಷಿಯಲನ್ನು ಸ್ಥಾನದಲ್ಲಿಟ್ಟು ಟ್ಯಾಕ್ (ಅಲ್ಲಲ್ಲಿ ಚುಕ್ಕಿ ಬೆಸುಗೆ) ಮಾತ್ರ ಹೊಡೆಯಿರಿ, ಪೂರ್ತಿ ಬೆಸುಗೆಗೆ ಮುನ್ನ ಅದನ್ನು ಹೊರತೆಗೆಯಿರಿ, ಇಲ್ಲವಾದರೆ ಆಯಿಲ್ ಸೀಲುಗಳು ಬೆಂದುಹೋಗುತ್ತವೆ. ಬೆಸುಗೆ ತಣಿಯುವಾಗ ಎಳೆಯುವುದರಿಂದ ಬ್ರಾಕೆಟ್‌ಗಳ ನಡುವೆ ಅದೇ ಅಳತೆಯ ಪೈಪುತುಂಡೊಂದನ್ನು ಬೋಲ್ಟ್ ಮಾಡಿಟ್ಟರೆ ತೂತುಗಳು ಜಾಗ ಬಿಟ್ಟು ಸರಿಯವು.

ಮತ್ತೊಂದು ವಿಷಯ. ಈ ಮಾದರಿಯ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ಡಿಫರೆನ್ಷಿಯಲ್‌ನ ಬೆನ್ನಿಗೇ ಇರುತ್ತದೆ. ಅದನ್ನು ಕೇವಲ ಖಾಲಿ ಮಾಡಿದರೆ ಸಾಲದು, ಏಕೆಂದರೆ ಖಾಲಿ ಟ್ಯಾಂಕಿನಲ್ಲಿ ಉಳಿಯುವ ಆವಿಯು ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಟ್ಯಾಂಕು ಮತ್ತು ಪೆಟ್ರೋಲಿನ ಪೈಪುಗಳನ್ನು ಬಿಚ್ಚಿ ಶೆಡ್ಡಿನಿಂದ ಹೊರಗೆ, ದೂರದಲ್ಲಿ ಇಟ್ಟ ಮೇಲೆಯೇ ಕಿಡಿ ಹಾರಿಸಿರಿ. ಬ್ಯಾಟರಿಯ ತಂತಿಗಳನ್ನೂ ಕಳಚಿರಿ.

ಉತ್ತರ: ಹಳೇ ಗ್ಯಾರೇಜು, ಮೈಸೂರು

ಶೆಡ್ಡಿನವರೇ, ಹಿಂದಿನ ಬುಷ್ (ಕಿವಿಗೂ ಬೋಲ್ಟಿಗೂ ನಡುವಿನ ರಬ್ಬರಿನ ಕೊಳವೆ) ಹೇಗಿದೆ ಎಂದು ನೀವು ಬರೆದೇ ಇಲ್ಲ. ಹಿಂದಿನ ಕಿವಿ ಮೆತ್ತನೆಯ ರಬ್ಬರಿನಲ್ಲಿದ್ದು ಮುಂದಿನವು ಬಿಗಿಯಾದ ಬೋಲ್ಟಿನಲ್ಲಿದ್ದರೆ, ಪೈಪುಲೆಕ್ಕದವರು ಹೇಳಿದ 240 ಮಿ.ಮೀ. ಅಂತರ ಕಾಗದದ ಮೇಲಷ್ಟೇ ಉಳಿಯುತ್ತದೆ. ರಬ್ಬರು ಸೋತು ಜಾಗ ಕೊಟ್ಟಷ್ಟೂ ಹೌಸಿಂಗು ಮುಂದಿನ ಬೋಲ್ಟುಗಳ ಸುತ್ತ ತಿರುಚುತ್ತದೆ, ಬ್ರಾಕೆಟ್‌ಗಳು ಎತ್ತುವ ಬಲದ ಜೊತೆಗೆ ತಿರುಚುವ ಬಲವನ್ನೂ ಹೊರಬೇಕಾಗುತ್ತದೆ.

ಪರೀಕ್ಷೆ ಸುಲಭವಾಗಿದೆ. ಕಾರನ್ನು ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಪಿನಿಯನ್ನಿನ ಬಳಿ ಹೌಸಿಂಗಿನ ಮೂತಿಯಡಿ ಮರದ ತುಂಡಿಟ್ಟು, ಜಾಕಿನಿಂದ ಸ್ವಲ್ಪವೇ ಎತ್ತಿ, ಹಿಂದಿನ ಬುಷ್ ಎಷ್ಟು ಕುಸಿಯುತ್ತದೆಂದು ನೋಡಿರಿ. ಟನಲ್ಲಿನ (ಸೀಟುಗಳ ನಡುವೆ ಶಾಫ್ಟ್ ಹಾಯುವ ಗೂಡಿನ) ಒಳಮೇಲ್ಭಾಗದಲ್ಲಿ ಪ್ರೊಪೆಲ್ಲರ್ ಶಾಫ್ಟ್ ಉಜ್ಜಿದ ಹೊಳಪಿದೆಯೇ ಎಂದೂ ಕೈಯಾಡಿಸಿ ನೋಡಿರಿ. ಆ ಶಾಫ್ಟ್ ತಿರುಗುವುದು ನಿಮ್ಮ ಸೊಂಟದ ಪಕ್ಕದಲ್ಲಿ.

ಶೆಡ್ಡಿನವ, ಕೊವೆಂಟ್ರಿ

ಮೂವರಿಗೂ ಕೃತಜ್ಞತೆಗಳು. ಜಾಕ್ ಕೊಟ್ಟ ಕೂಡಲೇ ಉತ್ತರ ಸಿಕ್ಕಿತು: ಹಿಂದಿನ ಬುಷ್ಷಿನ ರಬ್ಬರು ಒಳಗಿನ ಕೊಳವೆಯಿಂದ ಬಿಟ್ಟುಕೊಂಡು, ಕಿವಿ 8 ಮಿ.ಮೀ.ಯಷ್ಟು ಕೆಳಗಿಳಿಯುತ್ತಿತ್ತು. ಟನಲ್ಲಿನಲ್ಲಿ ಉಜ್ಜಿದ ಗುರುತೂ ಇತ್ತು. ಇಷ್ಟು ದಿನ ಕೇಳುತ್ತಿದ್ದ ಗರಗರ ಶಬ್ದವನ್ನು ನಾನು ಗೇರ್‌ಬಾಕ್ಸಿನದೆಂದು ತಿಳಿದಿದ್ದೆ.

ಹಿಂದಕ್ಕೆ ಗಟ್ಟಿ ಪಾಲಿಯುರೆಥೇನ್ ಬುಷ್ ಹಾಕಿ, ಮುಂದಿನ ಎರಡೂ ಬ್ರಾಕೆಟ್‌ಗಳಿಗೆ 3 ಮಿ.ಮೀ. ಜೀನು ಕೂರಿಸಿ, ಬಲಗಡೆಯಿಂದ ಮೇಲಿನ ಸಂಧಿಗೆ ಓರೆ ಪೈಪು ಕೊಟ್ಟಿದ್ದೇನೆ. ಎಡಗಡೆಗೆ ಅಗತ್ಯವಿಲ್ಲವೆಂದು ಲೆಕ್ಕ ಹೇಳುತ್ತಿದ್ದರೂ, ರಿವರ್ಸ್ ಗೇರಿನಲ್ಲಿ ಬಲಗಳ ದಿಕ್ಕು ಬೇರೆಯಾಗುವುದನ್ನು ನೆನೆದು ಅಲ್ಲಿಗೂ ಒಂದು ಕೊಟ್ಟೆ. ಎರಡೂ ಸೇರಿ ಒಂದು ಕಿಲೋ ಕೂಡ ತೂಗುವುದಿಲ್ಲ. ಹೌಸಿಂಗಿನ ಕಿವಿಗಳಲ್ಲಿ ಬಿರುಕು ಕಾಣಲಿಲ್ಲ. ಗೇರಿನ ಸದ್ದು ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತದೆ, ಆದರೆ ಬಾಗಿಲೇ ಇಲ್ಲದ ಕಾರಿನಲ್ಲಿ ಅದು ದೊಡ್ಡ ದೂರಲ್ಲ. ಬೆಸುಗೆಗಳ ಮೇಲೆ ಬಿಳಿ ಬಣ್ಣ ಹಚ್ಚಿದ್ದೇನೆ, ಹೊಸ ಬಿರುಕು ಬಿಟ್ಟರೆ ತುಕ್ಕಿನ ಗೆರೆ ಎದ್ದು ಕಾಣಲೆಂದು. 500 ಮೈಲಿ ಓಡಿಸಿ ಮತ್ತೆ ಕೆಳಗೆ ಮಲಗಿ ನೋಡಿ, ಕಂಡದ್ದನ್ನು ಇಲ್ಲಿಯೇ ಬರೆಯುತ್ತೇನೆ.