ಅಪ್‌ಡೇಟ್: ಡಿಗ್ರಿ ಇಲ್ಲದೆಯೂ ಜರ್ಮನಿ ವೀಸಾ ಸಿಕ್ಕಿತು

ಹೋದ ವರ್ಷ ಇಲ್ಲಿ ಕೇಳಿದ್ದೆ: ನಾನು ಓದಿದ್ದು ಡಿಪ್ಲೊಮಾ ಮಾತ್ರ, ಸಾಫ್ಟ್‌ವೇರ್‌ನಲ್ಲಿ ಆರು ವರ್ಷ ದುಡಿದಿದ್ದೇನೆ, ಜರ್ಮನಿಗೆ ಹೋಗಬಹುದಾ ಅಂತ. ಹೋಗಬಹುದು! ಮೊನ್ನೆ ಬ್ಲೂ ಕಾರ್ಡ್ ವೀಸಾ (ನುರಿತ ಕೆಲಸಗಾರರಿಗೆ ಯುರೋಪಿನ ದೇಶಗಳು ಕೊಡುವ ಕೆಲಸದ ಪರವಾನಗಿ) ಕೈಗೆ ಬಂತು.

ನವೆಂಬರ್ 2023ರಲ್ಲಿ ಅಲ್ಲಿನ ಸರ್ಕಾರ ನಿಯಮ ಸಡಿಲಿಸಿದೆ. ಐಟಿ ಕೆಲಸಕ್ಕೆ ಡಿಗ್ರಿ ಕಡ್ಡಾಯವಲ್ಲ. ಕಳೆದ ಏಳು ವರ್ಷಗಳಲ್ಲಿ ಮೂರು ವರ್ಷದ ಅನುಭವ ಇದ್ದರೆ ಸಾಕು, ಆದರೆ ಅದು ಡಿಗ್ರಿ ಮಾಡಿದವರ ಮಟ್ಟದ ಕೆಲಸವಾಗಿರಬೇಕು. ಸಂಬಳವೂ ಇಷ್ಟಿರಬೇಕು ಅಂತಿದೆ: 2025ರಲ್ಲಿ ಅದು ವರ್ಷಕ್ಕೆ 43,759.80 ಯೂರೊ ಇತ್ತು.

ನಾನು ಒದ್ದಾಡಿದ್ದೆಲ್ಲ ಅನುಭವ ಪತ್ರಕ್ಕೆ. ಹಳೇ ಕಂಪನಿ ಕೊಟ್ಟಿದ್ದರಲ್ಲಿ ಎರಡೇ ಸಾಲು. ಸೇರಿದ ದಿನ, ಬಿಟ್ಟ ದಿನ, ಕೆಳಗೆ ಸೀಲು. ಏನು ಕೆಲಸ ಮಾಡಿದೆ ಅಂತ ಒಂದಕ್ಷರ ಇಲ್ಲ! ಮೂರು ಸಲ ಅಲೆದು, ಯಾವ ಪ್ರಾಜೆಕ್ಟ್, ಯಾವ ಕೋಡ್, ಏನು ಜವಾಬ್ದಾರಿ ಎಲ್ಲ ಸೇರಿಸಿ ಒಂದೂವರೆ ಪುಟ ಬರೆಸಿಕೊಂಡೆ. ಕೆಲಸ ಬಿಡುವ ದಿನವೇ ಇದನ್ನು ಕೇಳಿ ಇಟ್ಟುಕೊಳ್ಳಿ, ಆಮೇಲೆ ತುಂಬಾ ಕಷ್ಟ.

ಹೆಂಡತಿಗೆ ಜರ್ಮನ್ ಪರೀಕ್ಷೆ ಬೇಡ, ಅಲ್ಲಿ ಕೆಲಸಕ್ಕೂ ಸೇರಬಹುದು. ನಮಗೆ ಅದೇ ಜಾಸ್ತಿ ಖುಷಿ. ನಾನು ಜರ್ಮನ್ ಭಾಷೆಯ ಬಿ1 (ಮಧ್ಯಮ ಮಟ್ಟ) ಪಾಸಾದರೆ 21 ತಿಂಗಳಿಗೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು, ಎ1 (ಆರಂಭದ ಮಟ್ಟ) ಆದರೆ 27 ತಿಂಗಳಿಗೆ. ಅದಕ್ಕೇ ಇಬ್ಬರೂ ಸಂಜೆ ಕ್ಲಾಸಿಗೆ ಸೇರಿದ್ದೇವೆ.